ಕೊಕ್ಕರೆಯ ಕೈಗುಣ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವರ ಮನೆಯಲ್ಲಿ ಖಂಡಿತ ಒಬ್ಬಳು ಫಿಸಿಯೋಥೆರಪಿಸ್ಟ್ ಮಗಳಿದ್ದಿರಬೇಕು. ಕ್ಲಿನಿಕ್ಕಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಜನ ನನ್ನ ಮಾತು ಕೇಳುತ್ತಾರೆ. ಕೈ ಎತ್ತಿ ಎಂದರೆ ಎತ್ತುತ್ತಾರೆ, ಕಾಲು ಚಾಚಿ ಎಂದರೆ ಚಾಚುತ್ತಾರೆ. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರಂತೂ ನಾನು ಕಣ್ಣು ಬಿಟ್ಟರೆ ಸಾಕು, ಹೇಳಿದ್ದಕ್ಕಿಂತ ಹೆಚ್ಚೇ ಮಾಡಿ ಬೆವರು ಒರೆಸಿಕೊಳ್ಳುತ್ತಾರೆ. ಮನೆಗೆ ಬಂದರೆ ನನ್ನ ಅಮ್ಮ ಮಂಚದ ಅಂಚಿನಲ್ಲಿ ಕೂತು, ಹೊಸ ಮಂಡಿ ಹಾಕಿಸಿಕೊಂಡ ಬಲಗಾಲನ್ನು ಒನಕೆಯ ಹಾಗೆ ಮುಂದಕ್ಕೆ ಚಾಚಿಕೊಂಡು, "ಇವತ್ತು ಬೇಡ ಮಗಳೇ, ನಾಳೆ ನೋಡೋಣ" ಅನ್ನುತ್ತಾಳೆ.

ಆ ನಾಳೆ ಬರುತ್ತಲೇ ಇರಲಿಲ್ಲ. ಆಪರೇಷನ್ ಮಾಡಿದ ಸರ್ಜನ್ ಕಳೆದ ಸಲ ಮಂಡಿ ತಟ್ಟಿ ನೋಡಿ ಖಡಾಖಂಡಿತವಾಗಿ ಹೇಳಿದ್ದರು. ಮುಂದಿನ ಭೇಟಿಗೆ ಕಾಲು ಲಂಬಕೋನಕ್ಕಾದರೂ ಬಗ್ಗದಿದ್ದರೆ ಇಂಜೆಕ್ಷನ್ ಕೊಟ್ಟು ಪ್ರಜ್ಞೆ ತಪ್ಪಿಸಿ, ತಾವೇ ಹಿಡಿದು ಬಗ್ಗಿಸುತ್ತಾರಂತೆ. ಅಮ್ಮನಿಗೆ ನೋವಿನ ಭಯಕ್ಕಿಂತ ಆ ಇಂಜೆಕ್ಷನ್ನಿನ ಭಯ ದೊಡ್ಡದು. ಮಂಡಿ ಹಾಕುವಾಗ ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರು, ಇದು ಹಾಗಲ್ಲ. ಅವಳ ಅಕ್ಕ, ನನ್ನ ದೊಡ್ಡಮ್ಮ, ಹಾಗೆಯೇ ಪ್ರಜ್ಞೆ ತಪ್ಪಿಸಿಕೊಂಡು ಆಪರೇಷನ್ ಕೋಣೆಗೆ ಹೋದವಳು ಕಣ್ಣು ಬಿಡಲೇ ಇಲ್ಲ. "ನಾನೂ ಅಕ್ಕನ ದಾರಿ ಹಿಡೀತೀನಿ, ನೋಡ್ತಿರು" ಎಂದು ಅಮ್ಮ ದಿನಕ್ಕೊಮ್ಮೆ ಹೇಳುತ್ತಿದ್ದಳು. ಹೇಳಿ ಮತ್ತೆ ಕಾಲು ಚಾಚಿ ಕೂರುತ್ತಿದ್ದಳು.

ನಾನು ಮಾಡದ ಪ್ರಯತ್ನವಿಲ್ಲ. ಪುಸಲಾಯಿಸಿದೆ, ಗದರಿಸಿದೆ, ಅತ್ತೂಬಿಟ್ಟೆ. ದಿನಾ ಸಂಜೆ ಅವಳೆದುರು ಮೋಟು ಸ್ಟೂಲಿನ ಮೇಲೆ ಕೂತು, ಕಾಲಿನ ಗಿಣ್ಣು ಹಿಡಿದು ಮೆಲ್ಲಗೆ ಒಳಕ್ಕೆ ಒತ್ತುತ್ತಿದ್ದೆ. ಅಮ್ಮನ ಹುಬ್ಬು ಗಂಟಾಗುತ್ತಿತ್ತು, ಕೆಳತುಟಿ ಅದುರುತ್ತಿತ್ತು, "ಸಾಕು ಮಗಳೇ" ಅನ್ನುತ್ತಿದ್ದಳು. ಅಲ್ಲಿಗೆ ಆ ದಿನದ ವ್ಯಾಯಾಮ ಮುಗಿಯಿತು.

ಇಷ್ಟರಲ್ಲಿ ನಮ್ಮ ಊರಿಗೆ ಅಂತರರಾಷ್ಟ್ರೀಯ ಫಿಸಿಯೋಥೆರಪಿ ಸಮ್ಮೇಳನ ಬಂತು. ಎಷ್ಟೋ ದೇಶಗಳ ಸಂಘಗಳು ಸೇರುವ ಮಹಾಸಂಘದ್ದು. ಬಗ್ಗದ ಮಂಡಿಗಳ ಮೇಲೆ ಒಂದು ಕಾರ್ಯಾಗಾರವಿತ್ತು. ಅದನ್ನು ನಡೆಸಿಕೊಡಲು ನಾನು ಕೇಳಿಕೊಂಡಿದ್ದೆ. ನಮ್ಮ ಸಂಘದ ಕಾರ್ಯದರ್ಶಿ ನಗುನಗುತ್ತಾ, "ನಿಮ್ಮ ಬರವಣಿಗೆ ತುಂಬಾ ಚೆನ್ನಾಗಿದೆ ಮೇಡಂ" ಎಂದು ಹೊರಗಿನಿಂದ ಬರುವ ಪ್ರತಿನಿಧಿಗಳ ಮಾಹಿತಿ ಪುಸ್ತಿಕೆಯನ್ನು ನನ್ನ ತಲೆಗೆ ಕಟ್ಟಿದರು. ವೇದಿಕೆ ಬೇರೆಯವರಿಗೆ, ಪುಸ್ತಿಕೆ ನನಗೆ.

ಬರೆದೆ. ಬರೆಯುವುದಾದರೆ ನೆಟ್ಟಗೆ ಬರೆಯಬೇಕು ಎಂಬ ಹಠದ ಹೆಂಗಸು ನಾನು. ಇಲ್ಲಿನ ಪ್ಲಗ್ಗಿಗೆ ಎಂಥ ಪಿನ್ನು ಬೇಕು, ನಲ್ಲಿ ನೀರು ಕುಡಿಯಬಹುದೇ, ಟ್ಯಾಕ್ಸಿಯವರ ಹತ್ತಿರ ಹೇಗೆ ಮಾತಾಡಬೇಕು, ಸಭಾಂಗಣದ ಯಾವ ಬಾಗಿಲಿಗೆ ಗಾಲಿಕುರ್ಚಿ ಹತ್ತುವ ಇಳಿಜಾರಿದೆ, ಛತ್ರಿ ಏಕೆ ಮರೆಯಬಾರದು. ಕೊನೆಗೆ ಒಂದು ನಿಯಮವನ್ನೂ ದಪ್ಪಕ್ಷರದಲ್ಲಿ ಹಾಕಿದೆ. ಹೊರಗಿನ ಪ್ರತಿನಿಧಿಗಳ ಪರವಾನಗಿ, ವಿಮೆ ಎರಡೂ ಇಲ್ಲಿ ನಡೆಯುವುದಿಲ್ಲವಾದ್ದರಿಂದ ಅವರು ಇಲ್ಲಿನ ಯಾವ ರೋಗಿಗೂ ಕೈ ಹಚ್ಚಿ ಚಿಕಿತ್ಸೆ ಕೊಡುವಂತಿಲ್ಲ. ಹಾಕುವಾಗ ನನ್ನ ಮನಸ್ಸಿನಲ್ಲಿ ಯಾರೂ ಇರಲಿಲ್ಲ. ಆಣೆ ಮಾಡಿ ಹೇಳುತ್ತೇನೆ.

ಹೋಟೆಲುಗಳೆಲ್ಲ ತುಂಬಿಹೋದವು. ಸಂಘದ ಸದಸ್ಯರು ತಮ್ಮ ಮನೆಯಲ್ಲಿ ಒಬ್ಬೊಬ್ಬ ಪ್ರತಿನಿಧಿಯನ್ನು ಇಟ್ಟುಕೊಳ್ಳಬೇಕು ಎಂದಾಯಿತು. ನನ್ನ ಪಾಲಿಗೆ ಬಂದವಳು ಯಾರು? ನಾನು ಕೇಳಿದ್ದ ಕಾರ್ಯಾಗಾರವನ್ನು ನಡೆಸಿಕೊಡುವವಳೇ. ಅಳೆದು ಸುರಿದು ಕಳಿಸಿದ ಹಾಗಿತ್ತು.

ಬಾಗಿಲು ತೆರೆದರೆ ಎತ್ತರದ ಹೆಂಗಸು, ಉದ್ದ ಕತ್ತು, ಬಿಳಿ ಕೋಟು, ಕಡ್ಡಿಯಂಥ ಕಾಲು. ಹೊಸಿಲು ದಾಟುವಾಗ ಚೌಕಟ್ಟಿಗೆ ತಲೆ ತಾಗದಂತೆ ಕತ್ತು ಬಗ್ಗಿಸಿ ಒಳಗೆ ಬಂದಳು. ಅಮ್ಮ ಮಂಚದಿಂದಲೇ ನೋಡಿ, "ಯಾರೇ ಇದು, ಕೊಕ್ಕರೆ ಬಂದ ಹಾಗೆ ಬಂತು" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅವಳು ಕೊಕ್ಕರೆ. ಅವಳಿಗೆ ನಮ್ಮ ಮಾತಿನ ಒಂದಕ್ಷರ ಬಾರದು, ಅಮ್ಮನಿಗೆ ನಮ್ಮ ಮಾತು ಬಿಟ್ಟು ಬೇರೆ ಬಾರದು. ನಾನು ಮತ್ತು ಅವಳು, ಇಬ್ಬರಿಗೂ ಅರೆಬರೆ ಬರುವ ಸಮ್ಮೇಳನದ ಭಾಷೆಯಲ್ಲಿ ಏಗುತ್ತಿದ್ದೆವು.

ಮರುದಿನ ನಾನು ಸ್ವಾಗತದ ಮೇಜಿನ ಕೆಲಸಕ್ಕೆ ಹೋದೆ. ಅವಳಿಗೆ ಅಂದು ಬಿಡುವು, ಮನೆಯಲ್ಲೇ ಉಳಿದಳು. ಸಂಜೆ ಮೆಟ್ಟಿಲು ಹತ್ತುತ್ತಿದ್ದೇನೆ, ಅಮ್ಮನ ಕೋಣೆಯಿಂದ ಕೂಗು ಕೇಳಿಸಿತು.

"ಅಯ್ಯಯ್ಯೋ ಕೊಲೆಗಾತಿ! ನಿನ್ನ ಕೈಗೆ ಕರೆಂಟ್ ಹೊಡೆಯ! ನಿನ್ನ ಉದ್ದ ಕತ್ತು ಮುರಿದು ಬೀಳ!"

ಚೀಲ ಎಸೆದು ಓಡಿದೆ. ಅಮ್ಮ ಮಂಚದ ಮೇಲೆ ಬೋರಲು ಮಲಗಿದ್ದಾಳೆ, ಹಣೆಯ ಕೆಳಗೆ ಸುತ್ತಿದ ಟವೆಲ್ಲು. ಕೊಕ್ಕರೆ ಅವಳ ಕಾಲಿನ ಗಿಣ್ಣು ಹಿಡಿದು ಹಿಮ್ಮಡಿಯನ್ನು ಬೆನ್ನ ಕಡೆಗೆ ತರುತ್ತಿದ್ದಾಳೆ. ಬೈಗುಳ ಬಂದಷ್ಟೂ ಮುಗುಳ್ನಕ್ಕು, "ಇನ್ನೊಂಚೂರು! ಭೇಷ್!" ಅನ್ನುತ್ತಿದ್ದಾಳೆ. ಆ ಎರಡು ಮಾತು ಅಮ್ಮನೇ ಕಲಿಸಿದ್ದಂತೆ. ನಾನು ಎಂದೂ ಮುಟ್ಟಿಸದ ಕಡೆಗೆ ಆ ಕಾಲು ಮುಟ್ಟಿತ್ತು.

ಮಗಳಾದವಳಿಗೆ ಸಂತೋಷವಾಗಬೇಕು, ಅಲ್ಲವೇ? ನನಗೆ ಹೊಟ್ಟೆಕಿಚ್ಚಾಯಿತು. ಸುತ್ತಿ ಬಳಸಿ ಹೇಳುವುದೇನು, ಒಳಗಿಂದ ಧಗಧಗ ಉರಿಯಿತು. ನಾನು ಹಿಡಿದರೆ "ಸಾಕು ಮಗಳೇ", ನಿನ್ನೆ ಬಂದ ಕೊಕ್ಕರೆ ಹಿಡಿದರೆ ಇಷ್ಟು! ಅಮ್ಮನನ್ನು ಬೋರಲು ಮಲಗಿಸಬೇಕೆಂದು ನನಗೆ ಗೊತ್ತಿರಲಿಲ್ಲವೇ? ಕ್ಲಿನಿಕ್ಕಿನಲ್ಲಿ ಎಲ್ಲರನ್ನೂ ಹಾಗೆಯೇ ಮಲಗಿಸುತ್ತೇನೆ. ಅಮ್ಮನಿಗೆ ಉಸಿರು ಕಟ್ಟೀತು ಎಂದು, ಅವಳ ಮುಖ ನನಗೆ ಕಾಣುತ್ತಿರಲಿ ಎಂದು ಕೂರಿಸಿ ಮಾಡುತ್ತಿದ್ದೆ.

"ಅವಳ ಕೈಗುಣ ಅಂದ್ರೆ ಕೈಗುಣ ಕಣೇ" ಎಂದಳು ಅಮ್ಮ, ಎದ್ದು ಕೂತು ಬೆವರು ಒರೆಸಿಕೊಳ್ಳುತ್ತಾ. "ಮುಟ್ಟಿದ್ರೆ ಬೆಚ್ಚಗಿರತ್ತೆ."

ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಅತ್ತೆ, ಇನ್ನೊಂದು ವಾರ ಇವಳಿದ್ರೆ ನೀವು ಓಡೋ ಹಾಗೆ ಮಾಡಿಬಿಡ್ತಾಳೆ" ಎಂದು ಹಲ್ಲು ಕಿರಿದರು. ಉರಿಯುವುದಕ್ಕೆ ತುಪ್ಪ ಸುರಿಯುವುದರಲ್ಲಿ ಅವರದ್ದು ಎತ್ತಿದ ಕೈ.

ಅಷ್ಟಕ್ಕೆ ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಮರುದಿನ ಬೆಳಿಗ್ಗೆ ಅಮ್ಮನ ನೀಲಿ ಹೂವಿನ ಕಪ್ಪಿನಲ್ಲಿ ಕೊಕ್ಕರೆ ಚಹಾ ಕುಡಿಯುತ್ತಿದ್ದಳು. ಆ ಕಪ್ಪನ್ನು ನಾನು ಚಿಕ್ಕವಳಿದ್ದಾಗ ಮುಟ್ಟಿದ್ದಕ್ಕೆ ಕಿವಿ ಹಿಂಡಿಸಿಕೊಂಡಿದ್ದೇನೆ. ಅಮ್ಮ ಅವಳಿಗೆ ದೊಡ್ಡಮ್ಮನ ಕಥೆ ಹೇಳುತ್ತಿದ್ದಳು, ನಮ್ಮ ಮಾತಿನಲ್ಲೇ. ಒಂದು ಶಬ್ದವೂ ತಿಳಿಯದ ಆ ಹೆಂಗಸು ಕತ್ತು ಬಾಗಿಸಿ ಕೇಳುತ್ತಿದ್ದಳು. ಅಮ್ಮ ಅತ್ತಾಗ ಅವಳೂ ಕಣ್ಣೊರೆಸಿಕೊಂಡಳು. ಅದೇ ಕಥೆಯನ್ನು ನನಗೆ ಹೇಳಲು ಬಂದಾಗೆಲ್ಲ ನಾನು, "ಸಾಕಮ್ಮ, ಎಷ್ಟು ಸಲ ಹೇಳ್ತೀಯ" ಎಂದಿದ್ದೇನೆ. ಅದೂ ನೆನಪಾಗಿ ಇನ್ನಷ್ಟು ಸಿಟ್ಟು ಬಂತು.

ಆಗ ನನಗೆ ನನ್ನ ಪುಸ್ತಿಕೆ ಜ್ಞಾಪಕಕ್ಕೆ ಬಂತು.

ಅವಳೆದುರು ಆ ಪುಟ ತೆರೆದಿಟ್ಟು, ದಪ್ಪಕ್ಷರದ ಮೇಲೆ ಬೆರಳಿಟ್ಟೆ. "ತಪ್ಪು ತಿಳೀಬೇಡಿ. ನಾನೇನೋ ಸುಮ್ಮನಿರಬಹುದು. ಆದರೆ ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ನಿಮಗೇ ತೊಂದರೆ."

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದೆ. ಅವಳು ಓದಿದಳು. ಕಿವಿಯವರೆಗೆ ಕೆಂಪಾದಳು. ನಿಜಕ್ಕೂ ಯೋಚಿಸಿರಲಿಲ್ಲವೆಂದೂ, ನನ್ನ ಮನೆಯಲ್ಲಿ ನನ್ನ ರೋಗಿಯನ್ನು ಮುಟ್ಟಿದ್ದು ದೊಡ್ಡ ತಪ್ಪೆಂದೂ ಮತ್ತೆ ಮತ್ತೆ ಕ್ಷಮೆ ಕೇಳಿದಳು. ಜಗಳಕ್ಕೆ ಬಂದಿದ್ದರೆ ನನಗೆ ಹಾಯೆನಿಸುತ್ತಿತ್ತು.

ಸಂಜೆ ಅಮ್ಮ ತಾನಾಗಿಯೇ ಬೋರಲು ಮಲಗಿ, "ಬಾರೇ ಕೊಕ್ಕರೇ" ಎಂದು ಕರೆದಳು. ಕೊಕ್ಕರೆ ಬಾಗಿಲಲ್ಲೇ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತಲೆಯಾಡಿಸಿದಳು.

"ಏನಾಯ್ತೇ ಇವಳಿಗೆ?" ಎಂದು ಅಮ್ಮ ನನ್ನನ್ನು ಕೇಳಿದಳು.

"ಹೊರಗಿನವರು ಇಲ್ಲಿ ಟ್ರೀಟ್‌ಮೆಂಟ್ ಕೊಡೋ ಹಾಗಿಲ್ಲ. ನಿಯಮ."

"ಯಾವ ಮುಠ್ಠಾಳ ಮಾಡಿದ್ದು ಆ ನಿಯಮಾನ?"

ನಾನು ಸಮಿತಿ ಎಂದೆ. ನಮ್ಮ ಮನೆಯವರು ಪೇಪರಿನ ಹಿಂದಿನಿಂದ, "ಬರೆದದ್ದು ನಿಮ್ಮ ಮಗಳೇ ಅತ್ತೆ" ಎಂದರು.

ಅಮ್ಮ ಬೈಯಲಿಲ್ಲ. ನಿಧಾನ ಎದ್ದು ಕೂತು, ಕಾಲನ್ನು ಮುಂದಕ್ಕೆ ಚಾಚಿದಳು. "ಆಯ್ತು ಬಿಡು. ಆ ಇಂಜೆಕ್ಷನ್ನೇ ಕೊಡಿಸು" ಎಂದು ಗೋಡೆಯ ಕಡೆ ನೋಡಿದಳು.

ನಾನು ಸ್ಟೂಲು ಎಳೆದು ಕೂತೆ. ಇವಳ ಕೈಲಾಗುವುದು ನನ್ನ ಕೈಲಾಗುವುದಿಲ್ಲವೇ ಎಂದು ಗಿಣ್ಣು ಹಿಡಿದು ಒತ್ತಿದೆ. ಹುಬ್ಬು ಗಂಟಾಯಿತು. ತುಟಿ ಅದುರಿತು. "ಸಾಕು ಮಗಳೇ" ಎಂದಳು. ಬಿಟ್ಟೆ. ಹಿಂದಿನ ದಿನ ಗಳಿಸಿದ್ದೆಲ್ಲ ಹಿಂದಕ್ಕೆ ಹೋಗುತ್ತಿತ್ತು. ಬಗ್ಗದ ಮಂಡಿ ಹಾಗೆಯೇ, ಒಂದು ದಿನ ಬಿಟ್ಟರೆ ಮುನಿಸಿಕೊಳ್ಳುತ್ತದೆ. ಸರ್ಜನ್ ಹೇಳಿದ ದಿನ ಮುಂದಿನ ವಾರವೇ ಇತ್ತು.

ಕಾರ್ಯಾಗಾರದ ದಿನ ಬೆಳಿಗ್ಗೆ ಕಾರ್ಯದರ್ಶಿಯ ಫೋನು ಬಂತು. ವೇದಿಕೆಯ ಮೇಲೆ ತೋರಿಸಲು ಗೊತ್ತು ಮಾಡಿದ್ದ ರೋಗಿಗೆ ಜ್ವರವಂತೆ. ಬಗ್ಗದ ಮಂಡಿಯವರು ಯಾರಾದರೂ ಸಿಗಬಹುದೇ ಎಂದು ಅವರು ಗೋಗರೆಯುತ್ತಿದ್ದರು. ಅಮ್ಮನ ಕಿವಿ ಚುರುಕು.

"ನಾನ್ ಬರ್ತೀನಿ. ನನ್ನ ಮಂಡಿಗಿಂತ ಮೊಂಡ ಮಂಡಿ ಎಲ್ಲಿ ಸಿಗತ್ತೆ ಅವರಿಗೆ?"

"ಅಷ್ಟು ಜನರ ಮುಂದೆ ಅಮ್ಮ..."

"ಮನೇಲಂತೂ ನಿನ್ನ ನಿಯಮ. ಅಲ್ಲಾದ್ರೂ ಅವಳು ಮುಟ್ಟಬಹುದಲ್ಲ."

ಮದುವೆಗೆ ಹೊರಟವಳಂತೆ ತಲೆ ಬಾಚಿಕೊಂಡು ಹೊರಟಳು. ನಾನು ಪುಸ್ತಿಕೆಯಲ್ಲಿ ಬರೆದಿದ್ದ ಇಳಿಜಾರಿನಲ್ಲಿ ಅವಳ ಗಾಲಿಕುರ್ಚಿಯನ್ನು ನಾನೇ ತಳ್ಳಿದೆ. ತಳ್ಳುವಾಗ ಗೊತ್ತಾಯಿತು, ನಾನು ಬರೆದಷ್ಟು ಸುಲಭದ ಏರು ಅದಲ್ಲ.

ಸಭಾಂಗಣ ಕಿಕ್ಕಿರಿದಿತ್ತು. ಜಗತ್ತಿಗೆಲ್ಲ ನೆಟ್ಟಗೆ ಕೂತುಕೊಳ್ಳಿ ಎಂದು ಉಪದೇಶ ಮಾಡುವ ಜನ ಸಾಲುಸಾಲಾಗಿ ಗೂನು ಬೆನ್ನು ಮಾಡಿಕೊಂಡು ಕೂತಿದ್ದರು. ವೇದಿಕೆಯ ಮೇಲೆ ಚಿಕಿತ್ಸೆಯ ಮೇಜು. ಅದರ ತಲೆಯ ಕಡೆ ಮುಖ ಇಡಲು ದುಂಡನೆಯ ತೂತು. ಅಮ್ಮನನ್ನು ಅದರ ಮೇಲೆ ಬೋರಲು ಮಲಗಿಸಿದರು. ನಾನು ಮೊದಲ ಸಾಲಿನ ತುದಿಯಲ್ಲಿ ಕೈಕಟ್ಟಿ ಕೂತೆ. ಕಣ್ಣಾರೆ ನೋಡಿ ಉರಿದುಕೊಳ್ಳುವುದು ಒಂದು ಬಾಕಿ ಇತ್ತು.

ಕೊಕ್ಕರೆ ಮೈಕು ಹಿಡಿದಳು. ಈ ದೇಶದಲ್ಲಿ ತಾನು ರೋಗಿಯನ್ನು ಮುಟ್ಟುವಂತಿಲ್ಲ ಎಂದಳು. ಆ ಮಾತು ಪ್ರತಿನಿಧಿಗಳ ಪುಸ್ತಿಕೆಯಲ್ಲಿ ಬಹಳ ಸ್ಪಷ್ಟವಾಗಿದೆ, ಅಷ್ಟು ಉಪಯುಕ್ತ ಪುಸ್ತಿಕೆಯನ್ನು ತಾನು ಯಾವ ಸಮ್ಮೇಳನದಲ್ಲೂ ಕಂಡಿಲ್ಲ ಎಂದಳು. "ಆದ್ದರಿಂದ ಇವತ್ತು ಮಾತು ನನ್ನದು, ಕೈ ಅದನ್ನು ಬರೆದವರದು" ಎಂದು ನನ್ನತ್ತ ಕೈ ಮಾಡಿದಳು.

ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನು ತೋಡಿದ ಹಳ್ಳ, ನಾನೇ ಬೀಳಬೇಕು. ಎದ್ದು ಹೋದೆ. ಅಮ್ಮನಿಗೆ ಆ ಭಾಷೆ ತಿಳಿಯದು, ತೂತಿನಲ್ಲಿ ಮುಖವಿಟ್ಟವಳಿಗೆ ನೆಲ ಬಿಟ್ಟು ಏನೂ ಕಾಣದು. ಕೊಕ್ಕರೆ ಅವಳ ತಲೆಯ ಹತ್ತಿರ ನಿಂತಳು. ನಾನು ಕಾಲಿನ ಹತ್ತಿರ ನಿಂತೆ.

ಅವಳು ನನ್ನ ಕಿವಿಯಲ್ಲಿ ಹೇಳಿದಳು. "ಅವರ ಬಾಯಿಗೆ ಕಿವಿ ಕೊಡಬೇಡಿ. ಅಂಗೈ ನೋಡಿ. ಮೇಜಿಗೆ ಅಂಗೈ ಬಡಿದರೆ ಆ ಕ್ಷಣ ನಿಲ್ಲಿಸಬೇಕು. ಮೊದಲ ದಿನವೇ ನಾವಿಬ್ಬರೂ ಸನ್ನೆಯಲ್ಲಿ ಮಾಡಿಕೊಂಡ ಒಪ್ಪಂದ ಇದು. ಬಾಯಿ ಏನು ಬೇಕಾದರೂ ಹೇಳಲಿ."

ಒಪ್ಪಂದ! ಹೆತ್ತ ಮಗಳಿಗೆ ಗೊತ್ತಿಲ್ಲದ ಒಪ್ಪಂದ. ಆ ಸಿಟ್ಟಿನಲ್ಲೇ ಗಿಣ್ಣು ಹಿಡಿದೆ.

ಹಿಮ್ಮಡಿ ಮೇಲಕ್ಕೆ ಬಂತು, ಬಂತು, ದಿನಾ ನಿಲ್ಲುವ ಜಾಗಕ್ಕೆ ಬಂತು. "ಅಯ್ಯೋ ಕೊಕ್ಕರೆ, ಸಾಯಿಸ್ತೀಯೇನೇ!" ಎಂದು ಮೇಜಿನ ಕೆಳಗಿನಿಂದ ಅಮ್ಮನ ದನಿ. ನನ್ನ ಕೈ ತಂತಾನೇ ನಿಂತಿತು. ಅಭ್ಯಾಸದಿಂದ ಅವಳ ಮುಖ ಹುಡುಕಿದೆ. ಮುಖವಿರಲಿಲ್ಲ, ಬಾಚಿ ಕಟ್ಟಿದ ಬಿಳಿಯ ತುರುಬಿತ್ತು. ಅಂಗೈ ನೋಡಿದೆ. ಮೇಜಿನ ಮೇಲೆ ತಣ್ಣಗೆ ಬಿದ್ದುಕೊಂಡಿತ್ತು, ಬೆರಳು ಕೂಡ ಅಲುಗಲಿಲ್ಲ.

"ಇನ್ನೊಂಚೂರು" ಎಂದಳು ಕೊಕ್ಕರೆ, ಅಮ್ಮನಿಗೋ ನನಗೋ.

ಒತ್ತಿದೆ. ಅಮ್ಮ ಕೊಕ್ಕರೆಯ ಕತ್ತು, ಕಾಲು, ಅವಳು ಹತ್ತಿ ಬಂದ ವಿಮಾನ ಒಂದನ್ನೂ ಬಿಡದೆ ಶಪಿಸಿದಳು. ಮೊದಲ ಸಾಲಿನಲ್ಲಿ ಯಾವುದೋ ದೇಶದ ಮುದುಕರೊಬ್ಬರು ಅದೊಂದು ಉಸಿರಾಟದ ಕ್ರಮವೆಂದುಕೊಂಡು ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು. ಅಂಗೈ ಅಲುಗಲಿಲ್ಲ. ನಾನು ಬಿಡಲಿಲ್ಲ. ಆಗ ನನ್ನ ಕೈಯೊಳಗೆ ಆ ಮಂಡಿ ಮೆಲ್ಲನೆ ಒಪ್ಪಿಕೊಂಡಿತು. ಈ ಕೆಲಸ ಮಾಡುವವರಿಗೆ ಅದು ಗೊತ್ತು, ಬಿಗಿದ ಬಾಗಿಲು ಒಳಗಿನಿಂದ ಯಾರೋ ತೆರೆದ ಹಾಗೆ ಇರುತ್ತದೆ. ಕೋನ ಅಳೆಯುವ ಪಟ್ಟಿ ಇಟ್ಟು ನೋಡಿದರು. ಲಂಬಕೋನಕ್ಕೆ ಕೂದಲೆಳೆಯಷ್ಟು ಕಡಿಮೆ. ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು.

ಅಮ್ಮ ತಲೆಯೆತ್ತಿದಳು. ಎದುರಿಗೆ ಕಂಡದ್ದು ಕೊಕ್ಕರೆ. ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, "ಬಂಗಾರದಂಥ ಕೈ ತಾಯಿ ನಿಂದು" ಎಂದಳು. ಕೊಕ್ಕರೆ ಗಾಬರಿಯಿಂದ ನನ್ನ ಕಡೆ ತೋರಿಸಿದಳು. ಅಮ್ಮ ಆ ಕಡೆ ನೋಡಲೇ ಇಲ್ಲ. ನನ್ನ ಕೈ ಇನ್ನೂ ಅವಳ ಗಿಣ್ಣಿನ ಮೇಲಿತ್ತು.

ಹೇಳಿಕೊಂಡು ಪಡೆಯುವ ಹೊಗಳಿಕೆ ನನಗೆ ಬೇಕಿರಲಿಲ್ಲ. ಮರುದಿನ ಕೊಕ್ಕರೆ ತನ್ನ ದೇಶಕ್ಕೆ ಹೊರಟಳು. ಅಮ್ಮ ತನ್ನ ಉಣ್ಣೆಯ ಶಾಲು ತೆಗೆದು ಅವಳ ಆ ಉದ್ದ ಕತ್ತಿಗೆ ಸುತ್ತಿದಳು. ಟ್ಯಾಕ್ಸಿ ತಿರುವು ದಾಟುವವರೆಗೆ ಕಿಟಕಿಯಲ್ಲಿ ಕೈ ಬೀಸಿದಳು. ನಾನು ನೀಲಿ ಹೂವಿನ ಕಪ್ಪನ್ನು ತಿಕ್ಕಿ ತಿಕ್ಕಿ ತೊಳೆದೆ.

ತೊಳೆದು ಬಂದರೆ ಅಮ್ಮ ಬೋರಲು ಮಲಗಿದ್ದಾಳೆ, ಹಣೆಯ ಕೆಳಗೆ ಸುತ್ತಿದ ಟವೆಲ್ಲು ಇಟ್ಟುಕೊಂಡು. "ಬಾ, ಶುರು ಮಾಡು."

ನನಗೆ ತಡೆಯಲಾಗಲಿಲ್ಲ. "ನಿನ್ನ ಕೊಕ್ಕರೆ ಹೋದಳಲ್ಲ. ನನ್ನ ಕೈ ನಿನಗೆಲ್ಲಿ ಆಗತ್ತೆ? ಬಂಗಾರದ ಕೈಯಲ್ಲವಲ್ಲ."

"ಸ್ಟೇಜ್ ಮೇಲೆ ಹಿಡಿದಿದ್ದು ಯಾರ ಕೈ ಅಂತ ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?" ಎಂದಳು ಅಮ್ಮ ಟವೆಲ್ಲಿನೊಳಗಿನಿಂದ. "ಹುಟ್ಟಿದಾಗಿಂದ ಐಸ್ ಗಡ್ಡೆ ಕೈ ನಿಂದು. ಗಿಣ್ಣು ಮುಟ್ಟಿದ ತಕ್ಷಣ ಗೊತ್ತಾಯ್ತು."

ನಾನು ಮಂಚದ ಅಂಚಿನಲ್ಲಿ ಕೂತೆ. "ಗೊತ್ತಿದ್ದೂ ಅವಳನ್ನ ಹೊಗಳಿದ್ಯಲ್ಲಮ್ಮ? ಅಷ್ಟು ಜನರ ಮುಂದೆ!"

"ಅಷ್ಟು ಜನರ ಮುಂದೆ ಬೈದಿದ್ದು ಅವಳನ್ನ ತಾನೇ? ಬೈಸಿಕೊಂಡವಳಿಗೆ ಹೊಗಳಿಕೆ ಬೇಡ್ವಾ?" ಎಂದಳು. "ನೀನು ನನ್ನ ಮುಖ ನೋಡ್ತೀಯ. ಅವಳು ಮಂಡಿ ನೋಡ್ತಾಳೆ. ನಾನು ಅಯ್ಯೋ ಅಂದ್ರೆ ನಿನ್ನ ಮುಖ ಇಷ್ಟೇ ಇಷ್ಟಾಗತ್ತೆ, ಅದನ್ನ ನೋಡಕ್ಕಾಗದೆ ನಾನೇ ಸಾಕು ಅಂತೀನಿ. ಅವಳಿಗೆ ನಾನು ಸಾಕು ಅನ್ನೋ ಮಾತೇ ಕಲಿಸಲಿಲ್ಲ. ನೋವಾದಾಗ ಬೈಯಕ್ಕೆ ಒಬ್ಬರು ಬೇಕು ಕಣೇ. ನಿನ್ನನ್ನ ಹೆಂಗೆ ಬೈಲಿ? ಬೈದ್ರೆ ಕೈ ಬಿಟ್ಬಿಡ್ತೀಯ."

ಆಮೇಲೆ ನಮ್ಮ ಮನೆಯ ಕ್ರಮ ಹೀಗಾಯಿತು. ಬಗ್ಗಿಸುವವಳು ನಾನು, ಬೈಸಿಕೊಳ್ಳುವವಳು ಸಮುದ್ರದಾಚೆಯ ಕೊಕ್ಕರೆ. "ಕೊಕ್ಕರೆ ಮುಂಡೇದೇ, ನಿನ್ನ ಮನೆ ಹಾಳಾಗ!" ಎಂದು ಬೆಳಿಗ್ಗೆ, ಸಂಜೆ ಎರಡು ಹೊತ್ತು ನಡೆಯುತ್ತಿತ್ತು. ನಾನು ಅಂಗೈ ನೋಡುತ್ತಾ ಒತ್ತುತ್ತಿದ್ದೆ. ಮಂಡಿ ಸೋಲುತ್ತಾ ಬಂತು. ನನ್ನ ಹೊಟ್ಟೆಕಿಚ್ಚು ಮಾತ್ರ ಸೋಲಲಿಲ್ಲ. ಬೆವರು ನನ್ನದು, ಬೆನ್ನುನೋವು ನನ್ನದು, ಆದರೆ ಮನೆಯಲ್ಲಿ ಮೊಳಗುವುದು ಅವಳ ಹೆಸರು. ಬೈಗುಳದಲ್ಲೂ ನನಗೊಂದು ಪಾಲು ಬೇಡವೇ?

"ಬೈಸಿಕೊಳ್ಳೋದಕ್ಕೂ ಹೊಟ್ಟೆಕಿಚ್ಚು ಪಡೋಳನ್ನ ನಾನು ಇಲ್ಲೇ ನೋಡಿದ್ದು" ಎಂದು ನಮ್ಮ ಮನೆಯವರು ನಕ್ಕರು. ನಗಲಿ. ಅವರಿಗೆ ಅಮ್ಮನಿಂದ ಬೈಸಿಕೊಂಡು ಗೊತ್ತಿದೆ, ದೊಡ್ಡವಳಾದ ಮೇಲೆ ನನಗೆ ಗೊತ್ತಿಲ್ಲ.

ಸರ್ಜನ್ ಬಳಿ ಹೋಗಬೇಕಾದ ದಿನ ಬೆಳಿಗ್ಗೆ ಕೊನೆಯ ಸಲ ಒಂದು ಕೈ ನೋಡಿಬಿಡೋಣ ಎಂದೆ. ಅಮ್ಮ ಮಲಗಿದಳು. ನಾನು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಲು ಹೋದೆ, ಅವು ಎಂದಿನಂತೆ ಕೇಳಲಿಲ್ಲ. ತಣ್ಣನೆಯ ಕೈಯಲ್ಲೇ ಹಿಡಿದೆ. ಹಿಮ್ಮಡಿ ಬಂತು, ಎಂದಿನ ಜಾಗ ದಾಟಿತು, ನಿನ್ನೆಯ ಜಾಗ ದಾಟಿತು. ಅಮ್ಮ ಕೊಕ್ಕರೆಯನ್ನು ಕರೆಯಲು ಬಾಯಿ ತೆರೆದವಳು ಉಸಿರು ಸಿಕ್ಕಿಹಾಕಿಕೊಂಡು ತಡವರಿಸಿದಳು. ನಾನು ಇನ್ನೊಂಚೂರು ಒತ್ತಿದೆ.

"ಅಯ್ಯೋ ಹಾಳಾದವಳೇ!" ಎಂದು ಕಿರುಚಿದಳು. "ನನ್ನ ಹೊಟ್ಟೇಲೇ ಹುಟ್ಟಿ ನನ್ನೇ ಕೊಲ್ತೀಯೇನೇ!"

ಆ ಬೈಗುಳದಲ್ಲಿ ಕೊಕ್ಕರೆಗೆ ಪಾಲಿರಲಿಲ್ಲ. ಅಮ್ಮನ ಅಂಗೈ ನೋಡಿದೆ. ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು. ನನ್ನ ಕಣ್ಣು ಮಂಜಾಗಿ ಕೋನದ ಪಟ್ಟಿಯ ಗೆರೆ ಕಾಣಿಸಲಿಲ್ಲ. ನಮ್ಮ ಮನೆಯವರನ್ನು ಕೂಗಿ ಅವರಿಂದಲೇ ಓದಿಸಬೇಕಾಯಿತು. "ಲಂಬಕೋನ ದಾಟಿದೆ ಅತ್ತೆ, ಇಂಜೆಕ್ಷನ್ ಇಲ್ಲ" ಎಂದು ಅವರು ಹೇಳುತ್ತಿದ್ದರು. ಅಮ್ಮ ನನ್ನನ್ನು ಇನ್ನೂ ಬೈಯುತ್ತಲೇ ಇದ್ದಳು, ನಾನು ಕಾಲು ಬಿಟ್ಟಿರಲಿಲ್ಲ.